ಆಷಾಢದ ಗಾಳಿ, ಮಾಘದ ಮೋಟಾರು

ಚಿಂಚಲಿ, ಕುಡಚಿ, ರಾಯಬಾಗ ಕಡೆಯವರಿಗೆ ಗಾಳಿಯ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ. ಆಷಾಢ ಬಂತೆಂದರೆ ತಲೆಯ ಮೇಲಿನ ಟವೆಲು ನಿಲ್ಲುವುದಿಲ್ಲ. ಮೇವಿನ ಬಣವೆಗೆ ಹಗ್ಗ ಬಿಗಿಯದಿದ್ದರೆ ಮೇಲಿನ ಹೊದಿಕೆ ಪಕ್ಕದವರ ಹೊಲ ಸೇರುತ್ತದೆ. ಮೋಡಗಳು ತಮ್ಮ ನೀರನ್ನೆಲ್ಲ ಸಹ್ಯಾದ್ರಿಯಲ್ಲೇ ಸುರಿದು, ಇಲ್ಲಿಗೆ ಬರುವಾಗ ಬರಿಗೈಯಲ್ಲಿ ಓಡುತ್ತಿರುತ್ತವೆ. ಅವುಗಳನ್ನು ಓಡಿಸುವ ಗಾಳಿಗೆ ಮಾತ್ರ ಬರ ಬರುವುದಿಲ್ಲ.

ಆದ್ದರಿಂದಲೇ ಈ ಭಾಗದ ರೈತರು ಕೇಳುವ ಪ್ರಶ್ನೆ ನ್ಯಾಯವಾದದ್ದು. ಇಷ್ಟು ಗಾಳಿ ಇದ್ದರೂ ಅದರಿಂದ ನಮ್ಮ ಪಂಪ್‌ಸೆಟ್ಟು ನಡೆಯಲಾರದೇ? ಅಥಣಿ ದಾಟಿ ಜತ್ತ ತಾಲೂಕಿಗೆ ಹೋದರೆ ಎತ್ತರದ ಮಡ್ಡಿಯ ಮೇಲೆ ಸಾಲುಸಾಲಾಗಿ ನಿಂತ ಯಂತ್ರಗಳು ಕಾಣುತ್ತವೆ. ಜನ ಅವನ್ನು ಗಾಳಿ ಫ್ಯಾನು ಎನ್ನುತ್ತಾರೆ. ಇವನ್ನು ಮಡ್ಡಿ, ಗುಡ್ಡ ಹುಡುಕಿಕೊಂಡು ಹೋಗಿಯೇ ಏಕೆ ನಿಲ್ಲಿಸುತ್ತಾರೆ? ಪರದೆಯ ಮೇಲಿನ ಮಾತುಕತೆಯಲ್ಲಿ ಗುಣಾಕಾರ ಮಾಡಿ ತೋರಿಸುವುದು ಕಷ್ಟ. ಪುಟದ ಮೇಲಾದರೆ ನಿಧಾನವಾಗಿ ಮಾಡಬಹುದು. ಬನ್ನಿ, ಲೆಕ್ಕ ಹಾಕಿಯೇ ನೋಡೋಣ.

ಗಾಳಿ ಎಲ್ಲಿಂದ ಬಂತು?

ಸೂರ್ಯ ಭೂಮಿಯನ್ನು ಎಲ್ಲ ಕಡೆಗೂ ಒಂದೇ ಸಮನೆ ಕಾಯಿಸುವುದಿಲ್ಲ. ಬರಿದಾದ ಎರೆಹೊಲ ಬೇಗ ಕಾಯುತ್ತದೆ, ನೀರು ನಿಂತ ಕಬ್ಬಿನ ತೋಟ ನಿಧಾನವಾಗಿ ಕಾಯುತ್ತದೆ, ಸಮುದ್ರ ಇನ್ನೂ ನಿಧಾನ. ಕಾದ ಜಾಗದ ಗಾಳಿ ಹಿಗ್ಗಿ, ಹಗುರಾಗಿ, ಒಲೆಯ ಹೊಗೆಯಂತೆ ಮೇಲೇರುತ್ತದೆ. ಅಲ್ಲಿ ಒತ್ತಡ ಕಡಿಮೆಯಾಗುತ್ತದೆ. ಒತ್ತಡ ಹೆಚ್ಚಿರುವ ಕಡೆಯ ಗಾಳಿ ಆ ಜಾಗಕ್ಕೆ ನುಗ್ಗುತ್ತದೆ. ಹೀಗೆ ನುಗ್ಗುವುದನ್ನೇ ನಾವು ಬೀಸುವುದು ಎನ್ನುತ್ತೇವೆ. ಗಾಳಿಯೆಂದರೆ ವೇಷ ಬದಲಿಸಿ ಬಂದ ಬಿಸಿಲೇ.

ಇದೇ ಕತೆ ದೊಡ್ಡ ಪ್ರಮಾಣದಲ್ಲಿ ನಡೆದಾಗ ಮುಂಗಾರು ಆಗುತ್ತದೆ. ಬೇಸಿಗೆಯ ಕೊನೆಗೆ ರಾಜಸ್ಥಾನ ಮತ್ತು ಪಾಕಿಸ್ತಾನದ ಮರುಭೂಮಿ ಕಾದು ಅಲ್ಲಿ ಒತ್ತಡ ಕುಸಿಯುತ್ತದೆ. ಸಮಭಾಜಕ ವೃತ್ತದ ಆಚೆಯ ಗಾಳಿ ಅತ್ತ ಹೊರಡುತ್ತದೆ. ಭೂಮಿ ತಿರುಗುತ್ತಿರುವುದರಿಂದ ಆ ಗಾಳಿ ವೃತ್ತ ದಾಟಿದ ಮೇಲೆ ಬಲಕ್ಕೆ ಹೊರಳಿ, ಅರಬ್ಬಿ ಸಮುದ್ರದ ಮೇಲೆ ಹಾದು, ನೈಋತ್ಯ ಮತ್ತು ಪಶ್ಚಿಮದಿಂದ ನಮ್ಮ ಮೇಲೆ ಬೀಸುತ್ತದೆ. ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ದಕ್ಷಿಣ ಭಾರತದ ಮೇಲೆ ಜುಲೈ ತಿಂಗಳಲ್ಲಿ, ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಬಿರುಸಾದ ಗಾಳಿಯ ಹೊಳೆಯೊಂದು ಹರಿಯುತ್ತದೆ ಎಂದು ಹವಾಮಾನ ವಿಜ್ಞಾನಿಗಳಾದ ಪಿ. ವಿ. ಜೋಸೆಫ್ ಮತ್ತು ಪಿ. ಎಲ್. ರಾಮನ್ 1966ರಲ್ಲಿ ತೋರಿಸಿಕೊಟ್ಟರು. ನಿಮ್ಮ ಟವೆಲು ಹಾರಿಸುವ ಗಾಳಿ ಆ ಹೊಳೆಯ ಅಂಚಿನ ನೀರು ಎಂದುಕೊಳ್ಳಿ. ನಡುಹೊಳೆ ಇರುವುದು ಮೇಲೆ.

ಮೇಲೇರಿದಂತೆ ಗಾಳಿ ಬಲವಾಗುತ್ತದೆ ಎಂಬುದು ಗಾಳಿಪಟ ಹಾರಿಸಿದ ಹುಡುಗರಿಗೆಲ್ಲ ಗೊತ್ತು. ಮನೆಯ ಮಾಳಿಗೆ, ಬೇವಿನ ಮರ ದಾಟುವವರೆಗೆ ಪಟ ತೊನೆದಾಡುತ್ತದೆ, ನೆಲ ಕಚ್ಚುತ್ತದೆ. ಅವನ್ನು ದಾಟಿತೆಂದರೆ ದಾರ ತಾನೇ ಎಳೆಯುತ್ತದೆ. ಮನೆ, ಮರ, ಬೆಳೆದ ಕಬ್ಬು, ದಿಬ್ಬ ಎಲ್ಲವೂ ಗಾಳಿಯ ಕಾಲು ಹಿಡಿದು ಎಳೆಯುವಂಥವೇ. ಬಯಲು ನೆಲದಲ್ಲಿ 10 ಮೀಟರ್ ಎತ್ತರದಲ್ಲಿ ಗಾಳಿ ಸೆಕೆಂಡಿಗೆ 5 ಮೀಟರ್ ವೇಗದಲ್ಲಿದ್ದರೆ, 100 ಮೀಟರ್ ಎತ್ತರದಲ್ಲಿ ಅದು ಸಾಧಾರಣವಾಗಿ 7 ಮೀಟರ್ ಆಗಿರುತ್ತದೆ. ಹೆಚ್ಚಾದದ್ದು ಎರಡೇ ಮೀಟರ್, ಇದಕ್ಕೇಕೆ ಇಷ್ಟು ದೊಡ್ಡ ಕಂಬ ಎನ್ನಬೇಡಿ. ಆ ಎರಡು ಮೀಟರಿನ ಬೆಲೆ ಎಷ್ಟೆಂಬುದು ಮುಂದಿನ ಲೆಕ್ಕದಲ್ಲಿದೆ.

ಗಾಳಿಯನ್ನು ತೂಗಿ ನೋಡಿ

ಗಾಳಿಗೆ ತೂಕವಿದೆ. ಚಿಂಚಲಿಯಂಥ, ಸಮುದ್ರಮಟ್ಟದಿಂದ ಐನೂರು ಮೀಟರಿಗೂ ಮೇಲಿರುವ ಊರಿನಲ್ಲಿ ಒಂದು ಘನಮೀಟರ್ ಗಾಳಿ ಸುಮಾರು 1.1 ಕಿಲೋ ತೂಗುತ್ತದೆ. ಈಗ ರೆಕ್ಕೆಯ ತುದಿಯಿಂದ ತುದಿಗೆ 100 ಮೀಟರ್ ಅಗಲದ ಯಂತ್ರವೊಂದನ್ನು ಎಣಿಸಿಕೊಳ್ಳಿ. ಅದು ಗಾಳಿಯಲ್ಲಿ ಬರೆಯುವ ವೃತ್ತದ ವಿಸ್ತೀರ್ಣ 7,850 ಚದರ ಮೀಟರ್, ಅಂದರೆ ಸುಮಾರು ಎರಡು ಎಕರೆ. ಗಾಳಿ ಸೆಕೆಂಡಿಗೆ 8 ಮೀಟರ್ ವೇಗದಲ್ಲಿದ್ದರೆ ಈ ಎರಡೆಕರೆ ಬಾಗಿಲಿನಲ್ಲಿ ಒಂದು ಸೆಕೆಂಡಿಗೆ ಹಾದುಹೋಗುವ ಗಾಳಿಯ ತೂಕ ಸುಮಾರು 69 ಟನ್. ಕಾರ್ಖಾನೆಗೆ ಹೊರಟ, ಎರಡು ಟ್ರೇಲರ್ ಕಟ್ಟಿದ ಕಬ್ಬಿನ ಟ್ರ್ಯಾಕ್ಟರು ಇಪ್ಪತ್ತು ಟನ್ ಹೊತ್ತಿದೆ ಎಂದುಕೊಂಡರೆ, ಅಂಥ ಮೂರಕ್ಕೂ ಹೆಚ್ಚು ಟ್ರ್ಯಾಕ್ಟರುಗಳ ಕಬ್ಬು! ಅದೂ ಪ್ರತಿ ಸೆಕೆಂಡಿಗೆ.

ಇನ್ನು ವೇಗದ ಮಾತು. ವೇಗ ಎರಡು ಪಟ್ಟಾದರೆ ಶಕ್ತಿಯೂ ಎರಡು ಪಟ್ಟಾಗಬೇಕೆಂದು ತೋರುತ್ತದೆ. ಹಾಗಲ್ಲ. ವೇಗ ಎರಡು ಪಟ್ಟಾದರೆ ಅದೇ ಹೊತ್ತಿನಲ್ಲಿ ಬಾಗಿಲು ದಾಟುವ ಗಾಳಿಯ ತೂಕ ಎರಡು ಪಟ್ಟಾಗುತ್ತದೆ. ಜೊತೆಗೆ, ಓಡುವ ವಸ್ತುವಿನಲ್ಲಿರುವ ಚಲನಶಕ್ತಿ ವೇಗದ ವರ್ಗದಂತೆ, ಅಂದರೆ ನಾಲ್ಕು ಪಟ್ಟು ಏರುತ್ತದೆ. ಎರಡು ನಾಲ್ಕಲಿ ಎಂಟು. ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಮಡಿ. ಇದನ್ನೇ ಘನದ ನಿಯಮ ಎನ್ನುತ್ತಾರೆ. ಪವನ ವಿದ್ಯುತ್ತಿನ ಲಾಭ ನಷ್ಟವೆಲ್ಲ ಈ ಒಂದು ಗುಣಾಕಾರದ ಮೇಲೆ ನಿಂತಿದೆ.

ಪಂಪ್‌ಸೆಟ್ಟಿನ ಭಾಷೆಯಲ್ಲಿ ಹೇಳುವುದಾದರೆ, 10 ಎಚ್‌ಪಿ ಮೋಟಾರಿಗೆ ಸುಮಾರು ಏಳೂವರೆ ಕಿಲೋವಾಟ್ ಬೇಕು. ಮೇಲೆ ಹೇಳಿದ ಯಂತ್ರ ಗಾಳಿಯ ಶಕ್ತಿಯಲ್ಲಿ ನೂರಕ್ಕೆ ನಲವತ್ತು ಪಾಲು ಹಿಡಿಯುತ್ತದೆ ಎಂದುಕೊಂಡು, ತಂತಿಯಲ್ಲಿ ಸೋರುವುದನ್ನು ಬದಿಗಿಟ್ಟರೆ, ಸೆಕೆಂಡಿಗೆ 8 ಮೀಟರ್ ಗಾಳಿಯಲ್ಲಿ ಅದು ಸುಮಾರು 880 ಕಿಲೋವಾಟ್ ಕೊಡುತ್ತದೆ. ಅಂದರೆ 118 ಮೋಟಾರು. ಗಾಳಿ 4 ಮೀಟರಿಗೆ ಇಳಿದರೆ? 59 ಅಲ್ಲ. ಹದಿನಾಲ್ಕೋ ಹದಿನೈದೋ ಮೋಟಾರು, ಅಷ್ಟೇ. ಕಂಬದ ಎತ್ತರದಿಂದ ಸಿಕ್ಕ ಆ ಎರಡು ಮೀಟರ್ ವೇಗವನ್ನೂ ಇದೇ ತಕ್ಕಡಿಯಲ್ಲಿಡಿ. 5ರಿಂದ 7ಕ್ಕೆ ಏರಿದರೆ ಶಕ್ತಿ ಎರಡೂವರೆ ಪಟ್ಟು ಮೀರುತ್ತದೆ. ಮಡ್ಡಿ, ಗುಡ್ಡ ಹುಡುಕಿಕೊಂಡು ಹೋಗುವುದು ಇದಕ್ಕೇ. ತಗ್ಗಿನ ಕರಿ ಮಣ್ಣಿಗೆ ಕಬ್ಬಿನ ಬೆಲೆ, ಮೇಲಿನ ಕಲ್ಲು ಮಡ್ಡಿಗೆ ಗಾಳಿಯ ಬೆಲೆ.

ಯಂತ್ರದ ಒಳಗೆ

ಮಾಯಕ್ಕನ ಜಾತ್ರೆಯಲ್ಲಿ ಮಕ್ಕಳಿಗೆ ಕೊಡಿಸುವ ಕಾಗದದ ಗಿರಗಿಟ್ಲೆಯನ್ನು ಗಾಳಿ ನೂಕಿ ತಿರುಗಿಸುತ್ತದೆ. ದೊಡ್ಡ ಯಂತ್ರದ ರೆಕ್ಕೆ ಬರೀ ನೂಕುವಿಕೆಯಿಂದ ತಿರುಗುವುದಿಲ್ಲ. ಓಡುವ ಬಸ್ಸಿನ ಕಿಟಕಿಯಿಂದ ಅಂಗೈ ಹೊರಗೆ ಚಾಚಿ (ಚಾಚಬಾರದು, ಕಲ್ಪಿಸಿಕೊಂಡರೆ ಸಾಕು) ಸ್ವಲ್ಪ ಓರೆ ಮಾಡಿದರೆ ಕೈ ತಾನೇ ಮೇಲೇಳುತ್ತದೆ. ವಿಮಾನವನ್ನು ಎತ್ತುವುದೂ ಇದೇ ಬಲ. ರೆಕ್ಕೆಯ ಒಂದು ಬದಿ ಉಬ್ಬಿ, ಇನ್ನೊಂದು ಬದಿ ಚಪ್ಪಟೆಯಾಗಿ, ಗಾಳಿಗೆ ತುಸು ಓರೆಯಾಗಿ ನಿಂತಿರುವುದರಿಂದ ಎರಡೂ ಬದಿಯ ಒತ್ತಡದಲ್ಲಿ ವ್ಯತ್ಯಾಸವಾಗಿ ರೆಕ್ಕೆ ಅಡ್ಡಕ್ಕೆ ಸೆಳೆಯಲ್ಪಡುತ್ತದೆ. ಆ ಸೆಳೆತವೇ ತಿರುಗುವಿಕೆ.

ಬಂದ ಗಾಳಿಯ ಶಕ್ತಿಯನ್ನೆಲ್ಲ ಹೀರಿಕೊಳ್ಳಬಾರದೇ ಎಂದರೆ, ಆಗದು. ಮಾಯಕ್ಕನ ದರ್ಶನದ ಪಾಳಿಯನ್ನು ನೆನೆಯಿರಿ. ದರ್ಶನ ಮುಗಿಸಿದವರು ಗುಡಿಯೊಳಗೇ ನಿಂತುಬಿಟ್ಟರೆ ಹಿಂದಿನವರು ಒಳಗೆ ಬರುವುದು ಹೇಗೆ? ಗಾಳಿಯೂ ಅಷ್ಟೇ. ಶಕ್ತಿಯನ್ನೆಲ್ಲ ಕೊಟ್ಟು ರೆಕ್ಕೆಯ ಹಿಂದೆ ನಿಂತುಬಿಟ್ಟರೆ ಮುಂದಿನ ಗಾಳಿಗೆ ದಾರಿಯಿಲ್ಲ. ಹೋಗುವ ಗಾಳಿಗೆ ಹೋಗುವಷ್ಟು ವೇಗ ಬಿಟ್ಟುಕೊಡಲೇಬೇಕು. ಹೀಗೆ ಬಿಟ್ಟ ಮೇಲೆ ಹಿಡಿಯಬಹುದಾದ ಪಾಲು ನೂರಕ್ಕೆ 59ನ್ನು ಮೀರಲಾರದು ಎಂದು ಜರ್ಮನಿಯ ಆಲ್ಬರ್ಟ್ ಬೆಟ್ಜ್ ಸುಮಾರು ನೂರು ವರ್ಷಗಳ ಹಿಂದೆ ಲೆಕ್ಕ ಹಾಕಿ ತೋರಿಸಿದರು. ಎಂಥ ಕಂಪನಿಯ ಯಂತ್ರವಾದರೂ ಈ ಗೆರೆ ದಾಟುವುದಿಲ್ಲ. ಯಾರಾದರೂ ದಾಟುತ್ತದೆ ಎಂದರೆ ಅವರಿಂದ ಯಂತ್ರ ಕೊಳ್ಳಬೇಡಿ.

ದೂರದಿಂದ ನೋಡಿದವರು, ಇಷ್ಟು ನಿಧಾನ ತಿರುಗಿ ಏನು ಕರೆಂಟು ಬಂದೀತು ಎನ್ನುವುದುಂಟು. 100 ಮೀಟರ್ ಅಗಲದ ಚಕ್ರ ನಿಮಿಷಕ್ಕೆ 15 ಸುತ್ತು ತಿರುಗಿದರೆ ರೆಕ್ಕೆಯ ತುದಿ ಗಂಟೆಗೆ 280 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಬಹಳಷ್ಟು ಯಂತ್ರಗಳಲ್ಲಿ ಕಂಬದ ತಲೆಯ ಮೇಲಿನ ಡಬ್ಬಿಯಲ್ಲಿರುವ ಗೇರ್‌ಬಾಕ್ಸು ಈ 15 ಸುತ್ತನ್ನು ಸಾವಿರಕ್ಕೂ ಮೇಲಕ್ಕೆ ಏರಿಸಿ ಜನರೇಟರಿಗೆ ಒಪ್ಪಿಸುತ್ತದೆ. ಅಲ್ಲಿ ನಡೆಯುವುದು 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದದ್ದೇ. ತಂತಿಯ ಸುರುಳಿಯ ಬಳಿ ಅಯಸ್ಕಾಂತ ತಿರುಗಿದರೆ ತಂತಿಯಲ್ಲಿ ವಿದ್ಯುತ್ತು ಹರಿಯುತ್ತದೆ. ನಿಮ್ಮ ಮನೆಯ ಫ್ಯಾನು ಕರೆಂಟು ತಿಂದು ಗಾಳಿ ಕೊಡುತ್ತದೆ, ಇದು ಗಾಳಿ ತಿಂದು ಕರೆಂಟು ಕೊಡುತ್ತದೆ. ಟ್ರಾನ್ಸ್‌ಫಾರ್ಮರ್ ಅದರ ವೋಲ್ಟೇಜನ್ನು ಸಾಮಾನ್ಯವಾಗಿ 33 ಸಾವಿರ ವೋಲ್ಟಿಗೆ ಏರಿಸಿ ಸಬ್‌ಸ್ಟೇಶನ್ನಿಗೆ ಕಳಿಸುತ್ತದೆ. ಗಾಳಿ ಸೆಕೆಂಡಿಗೆ 3 ಮೀಟರಿಗಿಂತ ಕಡಿಮೆಯಿದ್ದರೆ ಯಂತ್ರ ಏಳುವುದಿಲ್ಲ. 25 ಮೀಟರ್ ದಾಟಿದರೆ ರೆಕ್ಕೆಗಳು ಓರೆಯಾಗಿ ತಿರುಗಿ ಗಾಳಿಯನ್ನು ಹಾಯಗೊಟ್ಟು, ಯಂತ್ರ ತನ್ನನ್ನು ತಾನು ಉಳಿಸಿಕೊಳ್ಳುತ್ತದೆ. ಬಿರುಗಾಳಿಯಲ್ಲಿ ಫ್ಯಾನು ನಿಂತಿದ್ದರೆ ಅದು ಕೆಟ್ಟಿದೆ ಎಂದಲ್ಲ.

ಇದೆಲ್ಲ ಹೊಸದೇನಲ್ಲ. ಸ್ಕಾಟ್ಲೆಂಡಿನ ಜೇಮ್ಸ್ ಬ್ಲೈತ್ ಎಂಬ ಪ್ರಾಧ್ಯಾಪಕರು 1887ರಲ್ಲೇ ಗಾಳಿಯಿಂದ ಬ್ಯಾಟರಿ ತುಂಬಿಸಿ ತಮ್ಮ ಮನೆಗೆ ದೀಪ ಹಾಕಿಕೊಂಡಿದ್ದರು. ನಮ್ಮಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ 1960ರ ದಶಕದಲ್ಲಿ ಬಾವಿಯಿಂದ ನೀರೆತ್ತುವ, ಬಹಳ ರೆಕ್ಕೆಗಳ ಗಾಳಿಯಂತ್ರವನ್ನು ರೂಪಿಸಿತ್ತು. ರೆಕ್ಕೆ ಹೆಚ್ಚಿದ್ದರೆ ಮಂದ ಗಾಳಿಯಲ್ಲೂ ಪಂಪನ್ನು ಎಳೆಯುವ ಕಸುವು ಬರುತ್ತದೆ. ಕರೆಂಟಿಗೆ ಬೇಕಾದದ್ದು ವೇಗ, ಅದಕ್ಕೆ ಮೂರು ರೆಕ್ಕೆ ಸಾಕು.

ಆದರೆ ಎಲ್ಲಿ, ಎಷ್ಟು ಗಾಳಿ ಎಂಬ ಲೆಕ್ಕವಿಲ್ಲದೆ ಯಂತ್ರ ನಿಲ್ಲಿಸುವುದು ಕುರುಡಾಟ. ಆ ಲೆಕ್ಕಕ್ಕೆ ಬುನಾದಿ ಹಾಕಿದವರಲ್ಲಿ ಅಣ್ಣಾ ಮಣಿ ಅವರ ಹೆಸರನ್ನು ಮೊದಲು ಹೇಳಬೇಕು. ಕೇರಳದ ಪೀರುಮೇಡಿನಲ್ಲಿ 1918ರಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಸಿ. ವಿ. ರಾಮನ್ ಅವರ ಪ್ರಯೋಗಶಾಲೆಯಲ್ಲಿ ದುಡಿದು, ಹವಾಮಾನ ಇಲಾಖೆಯಲ್ಲಿ ಉನ್ನತ ಹುದ್ದೆಗೇರಿ 1976ರಲ್ಲಿ ನಿವೃತ್ತರಾದವರು ಅವರು. ವಿಶ್ರಾಂತಿ ಪಡೆಯುವ ಬದಲು ಬೆಂಗಳೂರಿನಲ್ಲಿ ಕುಳಿತು ದೇಶದ ಗಾಳಿಯನ್ನು ಅಳೆಸುವ ಕೆಲಸಕ್ಕೆ ಕೈಹಾಕಿದರು. ಗಾಳಿಯ ವೇಗ ಅಳೆಯುವ ಉಪಕರಣ ತಯಾರಿಸುವ ಸಣ್ಣ ಕಾರ್ಯಾಗಾರವನ್ನೂ ನಡೆಸಿದರು. ಇಂಥವರ ಹೆಸರು ನಮ್ಮ ಶಾಲಾಮಕ್ಕಳಿಗೆ ಗೊತ್ತಿಲ್ಲದಿರುವುದು ಸರಿಯಲ್ಲ.

ಗದಗದ ಬಳಿಯ ಕಪ್ಪತಗುಡ್ಡದಲ್ಲಿ ಕರ್ನಾಟಕ ವಿದ್ಯುತ್ ನಿಗಮ 1990ರ ದಶಕದಲ್ಲಿ ನಿಲ್ಲಿಸಿದ ಮೊದಲ ಯಂತ್ರಗಳು ತಲಾ 225 ಕಿಲೋವಾಟಿನವು. ಇಂದು ನಿಲ್ಲಿಸುವ ಒಂದೊಂದು ಯಂತ್ರ 3,000 ಕಿಲೋವಾಟ್ ಮುಟ್ಟುತ್ತಿದೆ. 2025ರ ಮಾರ್ಚ್ ವೇಳೆಗೆ ದೇಶದ ಪವನ ವಿದ್ಯುತ್ ಸಾಮರ್ಥ್ಯ 50,000 ಮೆಗಾವಾಟ್ ದಾಟಿತು. ಆ ಒಂದು ವರ್ಷದಲ್ಲಿ ಅತಿ ಹೆಚ್ಚು ಸೇರಿಸಿದ ರಾಜ್ಯ ಕರ್ನಾಟಕವೇ. ಚೆನ್ನೈನ ರಾಷ್ಟ್ರೀಯ ಪವನಶಕ್ತಿ ಸಂಸ್ಥೆಯ ಅಂದಾಜಿನಂತೆ 120 ಮೀಟರ್ ಎತ್ತರದಲ್ಲಿ ಕರ್ನಾಟಕದಲ್ಲಿ ಸುಮಾರು 1,24,000 ಮೆಗಾವಾಟಿನಷ್ಟು ಅವಕಾಶವಿದೆ. 150 ಮೀಟರಿಗೆ ಏರಿದರೆ ಅದು 1,69,000 ಆಗುತ್ತದೆ. ನೆಲ ಅದೇ, ರಾಜ್ಯ ಅದೇ. ಏರಿದ್ದು ಕಂಬ ಮಾತ್ರ.

ಹೊಳೆಯ ಪಂಚಾಂಗ, ಗಾಳಿಯ ಪಂಚಾಂಗ

ಈಗ ಮೋಟಾರಿನ ಪ್ರಶ್ನೆಗೆ ಬರೋಣ. ನಮ್ಮ ದೇಶದಲ್ಲಿ ಗಾಳಿಯಿಂದ ವರ್ಷಕ್ಕೆ ಬರುವ ವಿದ್ಯುತ್ತಿನ ಸುಮಾರು ಮೂರರಲ್ಲಿ ಎರಡು ಪಾಲು ಮುಂಗಾರಿನ ತಿಂಗಳುಗಳಲ್ಲೇ ಬಂದುಬಿಡುತ್ತದೆ. ಆ ತಿಂಗಳುಗಳಲ್ಲಿ ಚಿಂಚಲಿ ಸುತ್ತಿನ ರೈತರಿಗೆ ಕರೆಂಟಿನ ಅವಸರ ಎಷ್ಟಿರುತ್ತದೆ? ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದರೆ ಕೃಷ್ಣೆ ತುಂಬಿ ಬರುತ್ತಾಳೆ. ಆಗ ದಂಡೆಯ ಮೋಟಾರುಗಳನ್ನು ಬಿಚ್ಚಿ ಮೇಲಕ್ಕೆ ಸಾಗಿಸುವುದೇ ಕೆಲಸ. 2005, 2019 ಮತ್ತು 2021ರ ಮಹಾಪೂರಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಭಾರತ ಹುಣ್ಣಿಮೆಯ ಹೊತ್ತಿಗೆ, ಮಾಯಕ್ಕನ ಜಾತ್ರೆಗೆ ಗಾಡಿಗಳು ಬರುವ ಕಾಲಕ್ಕೆ, ಚಿತ್ರ ತಿರುಗುಮುರುಗಾಗಿರುತ್ತದೆ. ಮೇಲಕ್ಕೆ ಹಾರಿಸಿದ ಭಂಡಾರ ದೂರ ಹೋಗದೆ ಅಲ್ಲಲ್ಲೇ ಇಳಿಯುವಂಥ ಮಂದ ಗಾಳಿ. ಅಲ್ಲಿಂದ ಮುಂದೆ ಬಿಸಿಲು ಏರುತ್ತದೆ, ಕಬ್ಬು ನೀರು ಕೇಳುತ್ತದೆ, ಹೊಳೆ ಬತ್ತುತ್ತದೆ. ಕೊಯ್ನಾದಿಂದ ನೀರು ಬಿಡಿ ಎಂದು ಮಹಾರಾಷ್ಟ್ರವನ್ನು ಕೇಳುವ ದಿನ ಬರುತ್ತದೆ. ಮೋಟಾರಿಗೆ ಕರೆಂಟು ತೀರಾ ಬೇಕಾದಾಗ ಗಾಳಿ ರಜೆಯ ಮೇಲಿರುತ್ತದೆ.

ಗಾಳಿ ಬಂದಾಗ ತೂರಿಕೋ ಎಂಬ ಮಾತು ಕಣದಲ್ಲಿ ಹುಟ್ಟಿದ್ದು. ತೂರಿದ ಜೋಳ ಚೀಲದಲ್ಲಿ ಉಳಿಯುತ್ತದೆ. ಕರೆಂಟು ಹಾಗಲ್ಲ, ತಯಾರಾದ ಗಳಿಗೆಯಲ್ಲೇ ಖರ್ಚಾಗಬೇಕು. ಆದರೂ ಅದಕ್ಕೊಂದು ಚೀಲವಿದೆ, ಅದು ಅಣೆಕಟ್ಟು. ಆಷಾಢ ಶ್ರಾವಣದಲ್ಲಿ ಗಾಳಿಯ ಕರೆಂಟು ಯಥೇಚ್ಛವಾಗಿ ಬಂದಾಗ ಶರಾವತಿ, ಕಾಳಿ ಕೊಳ್ಳದ ಜಲವಿದ್ಯುತ್ ಕೇಂದ್ರಗಳನ್ನು ತಗ್ಗಿಸಿ ನಡೆಸಿದರೆ ಲಿಂಗನಮಕ್ಕಿಯಲ್ಲೂ ಸೂಪಾದಲ್ಲೂ ಅಷ್ಟು ನೀರು ಉಳಿಯುತ್ತದೆ. ಬೇಸಿಗೆಯಲ್ಲಿ ಅದೇ ನೀರು ಕರೆಂಟಾಗಿ ಚಿಂಚಲಿಯ ಮೋಟಾರಿಗೂ ಬರಬಹುದು. ತಂತಿಯಲ್ಲಿ ಬಂದದ್ದು ಗಾಳಿಯ ಯೂನಿಟ್ಟೋ ನೀರಿನ ಯೂನಿಟ್ಟೋ ಎಂದು ಮೋಟಾರು ಕೇಳುವುದಿಲ್ಲ.

ಎರಡನೆಯ ಚೀಲ ನಿಮ್ಮ ಸುತ್ತಲೇ ಇದೆ. ಕಬ್ಬು ನುರಿಸುವ ಹಂಗಾಮು ಆರಂಭವಾಗುವುದು ಗಾಳಿ ಇಳಿದ ಮೇಲೆ. ಉಗಾರ ಮೊದಲಾದ ಕಡೆಯ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆ ಉರಿಸಿ ವಿದ್ಯುತ್ತು ತಯಾರಿಸಿ, ತಮ್ಮ ಬಳಕೆಗೆ ಮಿಕ್ಕದ್ದನ್ನು ಜಾಲಕ್ಕೆ ಕೊಡುತ್ತವೆ. ಗಾಳಿಯ ಪಾಳಿ ಮುಗಿದಾಗ ಸಿಪ್ಪೆಯ ಪಾಳಿ. ಹಗಲು ಬಿಸಿಲಿನ ವಿದ್ಯುತ್ತೂ ಈಗ ಜೊತೆಗೂಡಿದೆ. ನನ್ನ ದೃಷ್ಟಿಯಲ್ಲಿ, ಗಾಳಿಯೊಂದರಿಂದಲೇ ಹೊಲಕ್ಕೆ ನೀರು ಹಾಯಿಸುತ್ತೇವೆ ಎಂಬುದು ಎಷ್ಟು ತಪ್ಪೋ, ಬೇಸಿಗೆಯಲ್ಲಿ ಕೈಕೊಡುವ ಗಾಳಿ ನಮಗೇಕೆ ಎಂಬುದೂ ಅಷ್ಟೇ ತಪ್ಪು.

ಯಾರಾದರೂ ನಿಮ್ಮ ಹೊಲ ಕೇಳಿಕೊಂಡು ಬಂದರೆ

ಎತ್ತರದ ಹೊಲ ಇದ್ದವರ ಮನೆಗೆ ಒಂದಲ್ಲ ಒಂದು ದಿನ ಕಂಪನಿಯವರು ಬರಬಹುದು. ಮೊದಲು ಬರುವುದು ಸಾಮಾನ್ಯವಾಗಿ ರೆಕ್ಕೆಯಿಲ್ಲದ ತೆಳ್ಳನೆಯ ಕಂಬ. ಅದು ಗಾಳಿ ಅಳೆಯುವ ಕಂಬ. ಕನಿಷ್ಠ ಒಂದು ವರ್ಷ, ಅಂದರೆ ಆಷಾಢವನ್ನೂ ಮಾಘವನ್ನೂ ಸೇರಿಸಿ ಅಳೆದ ಮೇಲೆಯೇ ಯಂತ್ರದ ಮಾತು. ಘನದ ನಿಯಮ ನಿಮಗೀಗ ಗೊತ್ತಿದೆ. ಸರಾಸರಿ ವೇಗದಲ್ಲಿ ಒಂದು ಮೀಟರ್ ವ್ಯತ್ಯಾಸವಾದರೂ ಅವರ ಲಾಭದಲ್ಲಿ ಎಷ್ಟು ವ್ಯತ್ಯಾಸವಾಗುತ್ತದೆ ಎಂದು ನೀವೇ ಗುಣಿಸಿಕೊಳ್ಳಬಹುದು. ಹೊಲದ ದರ ಮಾತಾಡುವಾಗ ಇದು ನೆನಪಿರಲಿ. ಬರಡು ಮಡ್ಡಿ ಎಂದು ನೀವೇ ಬೆಲೆ ತಗ್ಗಿಸಿ ಹೇಳಬೇಡಿ.

ಒಂದರ ಹಿಂದೊಂದು ಯಂತ್ರವನ್ನು ಒತ್ತಾಗಿ ನಿಲ್ಲಿಸುವಂತಿಲ್ಲ, ಮುಂದಿನದು ಹಿಂದಿನದರ ಗಾಳಿ ಕದಿಯುತ್ತದೆ. ಗಾಳಿಗೆ ಅಡ್ಡವಾಗಿ ಚಕ್ರದ ಅಗಲದ ಐದು ಪಟ್ಟು, ಗಾಳಿಯ ದಿಕ್ಕಿನಲ್ಲಿ ಏಳು ಪಟ್ಟು ಅಂತರ ಬಿಡುವುದು ರೂಢಿ. ಆದ್ದರಿಂದ ನಡುವಿನ ಹೊಲಗಳಲ್ಲಿ ಬಿತ್ತನೆ ನಡೆಯಲು ಅಡ್ಡಿಯಿಲ್ಲ. ಹೋಗುವುದು ಬುನಾದಿಯ ಜಾಗ, ಕ್ರೇನು ನಿಲ್ಲುವ ಜಾಗ ಮತ್ತು ರಸ್ತೆ. ರಸ್ತೆ ಯಾರ ಹೊಲದಲ್ಲಿ ಹಾಯುತ್ತದೆ, ಮಳೆಯ ನೀರು ಹರಿಯುವ ಓಣಿಗೆ ಅಡ್ಡವಾಗುತ್ತದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಿ. ಜಗಳ ಹೆಚ್ಚಾಗಿ ಹುಟ್ಟುವುದು ಯಂತ್ರದಿಂದಲ್ಲ, ರಸ್ತೆಯಿಂದ. ಶಬ್ದದ ಕಾರಣಕ್ಕೆ ವಾಸದ ಮನೆಯಿಂದ 500 ಮೀಟರಿನೊಳಗೆ ಯಂತ್ರ ನಿಲ್ಲಿಸಬಾರದೆಂದು ಕೇಂದ್ರ ಸರಕಾರ 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಹೇಳಿದೆ. ತೋಟದ ಮನೆಯಲ್ಲಿ ಇರುವವರು ಈ ಅಂತರವನ್ನು ಅಳೆಸಿಯೇ ಮುಂದುವರಿಯಿರಿ.

ಖರೀದಿಯೋ ಗುತ್ತಿಗೆಯೋ, ಗುತ್ತಿಗೆಯಾದರೆ ಎಷ್ಟು ವರ್ಷ, ಬಾಡಿಗೆ ವರ್ಷವರ್ಷ ಏರುತ್ತದೆಯೇ, ಉತಾರದಲ್ಲಿ ಯಾರ ಹೆಸರು ಉಳಿಯುತ್ತದೆ, ಕಂಪನಿ ಇನ್ನೊಬ್ಬರಿಗೆ ಮಾರಿಹೋದರೆ ಕರಾರು ಯಾರ ತಲೆಗೆ ಬರುತ್ತದೆ, ಇವೆಲ್ಲ ಕಾಗದದ ಮೇಲೆ ಇರಬೇಕು. ಕಾಗದ ಕನ್ನಡದಲ್ಲಿರಲಿ ಎಂದು ಕೇಳಿ, ಮನೆಯಲ್ಲಿ ಓದಿಸಿ, ಆಮೇಲೆ ಸಹಿ ಮಾಡಿ. ಯಂತ್ರದ ಆಯುಷ್ಯ ಇಪ್ಪತ್ತು, ಇಪ್ಪತ್ತೈದು ವರ್ಷ. ಅದು ಮುಗಿದ ಮೇಲೆ ಕಂಬ ಇಳಿಸಿ, ನೆಲದೊಳಗಿನ ಕಾಂಕ್ರೀಟಿಗೆ ಒಂದು ಗತಿ ಕಾಣಿಸಿ, ಹೊಲವನ್ನು ಉಳುವ ಸ್ಥಿತಿಗೆ ತಂದುಕೊಡುವ ಖರ್ಚು ಯಾರದೆಂಬ ಸಾಲನ್ನು ಆ ಕಾಗದದಲ್ಲಿ ಹುಡುಕಿ. ಸಿಗದಿದ್ದರೆ ಬರೆಸಿ.